ಪಿಲಾರ್ ಮಾತೆ ಮತ್ತು ಅಕ್ಟೋಬರ್ 12: ಜರಗೋಜಾದ ಹಬ್ಬವನ್ನು ಹೇಗೆ ನೋಡಬೇಕು?

ಪ್ರಶ್ನೆ: ನಾನು ಕೆಲಸದ ಮೇಲೆ ಮ್ಯಾಡ್ರಿಡ್‌ನಲ್ಲಿದ್ದೇನೆ. ಅಕ್ಟೋಬರ್ 12 ಇಲ್ಲಿ ರಜೆ. ಕೊಲಂಬಸ್ ಅಮೆರಿಕ ತಲುಪಿದ ದಿನ ಅಂತ ಓದಿದ್ದೆ. ಆದರೆ ಆಫೀಸಿನಲ್ಲಿ ಜರಗೋಜಾ ಊರಿನ ಗೆಳತಿಯೊಬ್ಬಳು “ಅದು ನಮ್ಮ ಪಿಲಾರ್ ಹಬ್ಬ, ಬಂದು ನೋಡು” ಅನ್ನುತ್ತಿದ್ದಾಳೆ. ಈ ಪಿಲಾರ್ ಯಾವ ಸಂತ ಮಹಿಳೆ? ಆ ದಿನ ನಿಜಕ್ಕೂ ಯಾವ ಹಬ್ಬ? ಫೋಟೋಗಳಲ್ಲಿ ಹೂವಿನ ರಾಶಿಯ ತುದಿಗೆ ಒಂದು ಪುಟ್ಟ ವಿಗ್ರಹ ಕಾಣುತ್ತದೆ. ಅದೇ ಮೂಲ ವಿಗ್ರಹವಾ? ಆ ಹೊತ್ತಿಗೆ ಊರಿಂದ ಅಮ್ಮನೂ ಬಂದಿರುತ್ತಾರೆ. ಕ್ರೈಸ್ತರಲ್ಲದ ನಾವು ಅಲ್ಲಿ ಹೂ ಕೊಡಬಹುದಾ?

ಉತ್ತರ: ಖಂಡಿತ ಹೋಗಿ, ಅಮ್ಮನನ್ನೂ ಕರೆದುಕೊಂಡು ಹೋಗಿ. ಹೂವನ್ನೂ ಕೊಡಬಹುದು. ಅದರ ವಿವರ ಆಮೇಲೆ ಹೇಳುತ್ತೇನೆ. ಮೊದಲು ಪಿಲಾರ್ ಯಾರು ಅನ್ನುವುದನ್ನು ನೋಡೋಣ.

ಪಿಲಾರ್ ಬೇರೊಬ್ಬ ಸಂತ ಮಹಿಳೆಯಲ್ಲ. ಏಸುವಿನ ತಾಯಿ ಮೇರಿಯೇ ಅವಳು. ಸ್ಪೇನಿನಲ್ಲಿ ಊರೂರಿಗೂ ಮೇರಿ ಮಾತೆಯ ಒಂದೊಂದು ರೂಪವಿದೆ, ಒಂದೊಂದು ಹೆಸರಿದೆ. ಮ್ಯಾಡ್ರಿಡ್‌ಗೆ ಅಲ್ಮುದೇನಾ ಮಾತೆ, ಬಾರ್ಸಿಲೋನಾಕ್ಕೆ ಮೆರ್ಸೆ ಮಾತೆ, ವೆಲೆನ್ಸಿಯಾಕ್ಕೆ ದಿಕ್ಕಿಲ್ಲದವರ ಮಾತೆ. ಸ್ಪ್ಯಾನಿಷ್‌ನಲ್ಲಿ ಪಿಲಾರ್ ಅಂದರೆ ಕಂಬ. ಜರಗೋಜಾದವಳು ಕಂಬದ ಮೇಲೆ ನಿಂತ ಮಾತೆ. ಊರಿನವರು ಪ್ರೀತಿಯಿಂದ ‘ಪಿಲಾರಿಕಾ’ ಅನ್ನುತ್ತಾರೆ. ಅಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಪಿಲಾರ್ ಅಂತ ಹೆಸರಿದೆಯೋ ಲೆಕ್ಕವಿಲ್ಲ. ಮನೆಯಲ್ಲಿ ಅವರು ಪಿಲಿ, ಮಾರಿಪಿಲಿ. ಅಕ್ಟೋಬರ್ 12 ಅವರೆಲ್ಲರ ಹೆಸರಿನ ದಿನವೂ, ಅಂದರೆ ಅವರ ಹೆಸರಿನ ಮಾತೆಯ ಹಬ್ಬದ ದಿನವೂ ಹೌದು. ನಿಮ್ಮ ಗೆಳತಿಯ ಮನೆಯಲ್ಲೇ ಒಬ್ಬರಾದರೂ ಪಿಲಾರ್ ಇರುತ್ತಾರೆ, ಕೇಳಿ ನೋಡಿ. ಅವತ್ತು ಅವರಿಗೆ ಶುಭಾಶಯ ಹೇಳುವುದನ್ನು ಮರೆಯಬೇಡಿ.

ನಗರಕ್ಕೆ ಇನ್ನೊಬ್ಬ ಪಾಲಕ ಸಂತನಿದ್ದಾನೆ, ಬಿಷಪ್ ವಲೇರೊ. ಅವನ ಹಬ್ಬ ಜನವರಿ 29ಕ್ಕೆ. ಅವತ್ತು ಉಂಗುರದ ಆಕಾರದ ಸಿಹಿ ಬ್ರೆಡ್ಡು ತಿನ್ನುತ್ತಾರೆ. ಜನ ಅವನನ್ನೂ ಇಷ್ಟಪಡುತ್ತಾರೆ. ಆದರೆ ಊರಿನ ಉಸಿರು ಪಿಲಾರ್.

ಈ ಹಬ್ಬದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ವಿಗ್ರಹದಿಂದ ಶುರು ಮಾಡುತ್ತಾರೆ, ಇಲ್ಲವೇ ಕೊಲಂಬಸ್‌ನಿಂದ. ನನ್ನ ಪ್ರಕಾರ ಎರಡೂ ದಾರಿ ತಪ್ಪಿಸುತ್ತವೆ. ಶುರು ಮಾಡಬೇಕಾದ್ದು ಕಂಬದಿಂದ, ಆಮೇಲೆ ಕಂಬಕ್ಕೆ ಹೊದಿಸುವ ಬಟ್ಟೆಯಿಂದ. ಇವೆರಡು ಗೊತ್ತಾದರೆ ಹೊರಗಿನ ಆ ಹೂವಿನ ರಾಶಿ ಏನು ಅನ್ನುವುದು ತಾನಾಗಿ ತಿಳಿಯುತ್ತದೆ.

ನಂಬಿಕೆಯ ಕತೆ ಹೀಗಿದೆ. ಏಸುವಿನ ಶಿಷ್ಯ ಯಾಕೋಬ, ಅಂದರೆ ಸ್ಪೇನಿನವರ ಸಾಂತಿಯಾಗೊ, ಕ್ರಿ.ಶ. 40ರಲ್ಲಿ ಎಬ್ರೊ ನದಿಯ ದಡದ ಈ ಊರಿಗೆ ಬಂದ. ಆಗ ಇದು ರೋಮನ್ನರ ಊರು, ಹೆಸರು ಸೀಸರ್ ಅಗಸ್ಟಾ. ಅವನ ಮಾತಿಗೆ ಕಿವಿಗೊಟ್ಟವರು ಬೆರಳೆಣಿಕೆಯ ಜನ. ಅವನು ಸೋತು ಕೂತಿದ್ದ ಜನವರಿ 2ರ ರಾತ್ರಿ ಮೇರಿ ಅವನ ಮುಂದೆ ಬಂದಳು. ಆಗ ಅವಳಿನ್ನೂ ಬದುಕಿದ್ದಳು, ಜೆರುಸಲೇಮಿನಲ್ಲಿ ಇದ್ದಳು ಅನ್ನುವುದು ಈ ಕತೆಯ ವಿಶೇಷ. ಬೇರೆ ಕಡೆಗಳಲ್ಲಿ ಆದಂತೆ ತೀರಿಕೊಂಡ ಮೇಲೆ ಕಾಣಿಸಿಕೊಂಡದ್ದಲ್ಲ, ಮೈಯೊಂದಿಗೆ ಬಂದದ್ದು. ಧೈರ್ಯ ಹೇಳಿ, ಇಲ್ಲೊಂದು ಗುಡಿ ಕಟ್ಟು ಅಂದಳು. ಗುರುತಿಗೆ ಒಂದು ಕಲ್ಲಿನ ಕಂಬ ಬಿಟ್ಟು ಹೋದಳು. ಇವತ್ತಿಗೂ ಅಲ್ಲಿನ ದೊಡ್ಡ ಚರ್ಚಾದ ಬೆಸಿಲಿಕಾದೊಳಗೆ ಜನ ಹೇಳುವ ಪ್ರಾರ್ಥನೆ, ಮೇರಿ ಮೈಯೊಂದಿಗೆ ಜರಗೋಜಾಕ್ಕೆ ಬಂದ ಆ ಗಳಿಗೆಯನ್ನೇ ಹೊಗಳುತ್ತದೆ.

ಇದು ಚರಿತ್ರೆಯಾ ಅಂತ ನೀವು ಕೇಳಬಹುದು. ಒಂದನೇ ಶತಮಾನದ ಯಾವ ದಾಖಲೆಯೂ ಇದಕ್ಕಿಲ್ಲ. ಮುಸ್ಲಿಮರ ಆಳ್ವಿಕೆಯ ಕಾಲದಲ್ಲೇ, 9ನೇ ಶತಮಾನದಲ್ಲಿ, ಇಲ್ಲಿ ಮೇರಿಯ ಹೆಸರಿನ ಚರ್ಚ್ ಇತ್ತು ಅನ್ನುವುದು ಗೊತ್ತಿದೆ. 1118ರಲ್ಲಿ ಈ ಸೀಮೆಯ, ಅಂದರೆ ಅರಗಾನಿನ, ರಾಜ ಮೊದಲನೇ ಅಲ್ಫೋನ್ಸೊ ಊರನ್ನು ಗೆದ್ದ ಮೇಲೆ ಹೊಸ ಚರ್ಚ್ ಎದ್ದಿತು. ಕಂಬದ ಕತೆ ಬರಹದಲ್ಲಿ ಸಿಗುವುದು 13ನೇ ಶತಮಾನದ ಕೊನೆಯ ಹೊತ್ತಿಗೆ. 1299ರಲ್ಲಿ ನಗರದ ಆಡಳಿತದವರು ‘ಪಿಲಾರ್’ ಎಂಬ ಹೆಸರು ಹಿಡಿದು, ಅಲ್ಲಿಗೆ ಬರುವ ಯಾತ್ರಿಕರಿಗೆ ರಕ್ಷಣೆ ಕೊಟ್ಟರು. ಯಾತ್ರಿಕರಿಗೆ ರಕ್ಷಣೆ ಬೇಕಾಗುವಷ್ಟು ಜನ ಆಗಲೇ ಬರುತ್ತಿದ್ದರು ಅಂತಾಯಿತು. ನನಗೆ ಮುಖ್ಯ ಅನಿಸುವುದು ಇದು. ಕ್ರಿ.ಶ. 40ರ ರಾತ್ರಿಯನ್ನು ಯಾರೂ ಸಾಬೀತು ಮಾಡಲಾರರು. ಆದರೆ 700 ವರ್ಷಗಳಿಂದ ಜನ ಆ ಕಂಬದ ಮುಂದೆ ಮಂಡಿಯೂರಿದ್ದು ದಾಖಲೆಯಲ್ಲಿರುವ ಸತ್ಯ.

ಈಗ ಕಂಬದ ಹತ್ತಿರ ಬರೋಣ. ಅದು ಜಾಸ್ಪರ್ ಕಲ್ಲಿನದು. ಎತ್ತರ ಸುಮಾರು 1.70 ಮೀಟರ್, ಅಂದರೆ ಒಬ್ಬ ಮನುಷ್ಯನಷ್ಟು. ದಪ್ಪ 24 ಸೆಂಟಿಮೀಟರ್. ಸುತ್ತ ಕಂಚು ಮತ್ತು ಬೆಳ್ಳಿಯ ಕವಚವಿದೆ. ಅದರ ಮೇಲೆ ಮರದ ವಿಗ್ರಹ, 40 ಸೆಂಟಿಮೀಟರ್ ಕೂಡ ಇಲ್ಲ. ಯಾವ ಕಾಲದ್ದು ಗೊತ್ತಾ? 15ನೇ ಶತಮಾನದ್ದು. 1434ರಲ್ಲಿ ಹಳೆಯ ಚರ್ಚಿಗೆ ಬೆಂಕಿ ಬಿತ್ತು. ಈಗಿನ ವಿಗ್ರಹ ಅದರ ನಂತರದ್ದು. ಹಾಗಾಗಿ ಇಲ್ಲಿ ಕಂಬವೇ ಹಿರಿಯದು, ವಿಗ್ರಹ ಆಮೇಲೆ ಬಂದದ್ದು. ವಿಗ್ರಹ ಯಾಕೆ ಇಷ್ಟು ಚಿಕ್ಕದು ಅಂತ ಬೆರಗಾಗುವವರಿಗೆ ನಾನು ಕೊಡುವ ಉತ್ತರ ಇದೇ: ಪೂಜೆಯ ಭಾರ ಕಂಬದ ಮೇಲಿದೆ.

ಹಾಗಂತ ವಿಗ್ರಹವನ್ನು ಬೇಗ ನೋಡಿ ಮುಗಿಸಬೇಡಿ. ಮೇರಿಯ ಎಡಗೈಯಲ್ಲಿ ಮಗುವಿದೆ. ಆ ಮಗುವಿನ ಒಂದು ಕೈಯಲ್ಲಿ ಹಕ್ಕಿ. ಇನ್ನೊಂದು ಕೈಯಲ್ಲಿ ಅದು ಅಮ್ಮನ ಮೇಲುಡುಪಿನ ಅಂಚನ್ನು ಹಿಡಿದುಕೊಂಡಿದೆ. ಕೆತ್ತಿದವನು ಮನೆಯಲ್ಲಿ ಮಕ್ಕಳನ್ನು ಚೆನ್ನಾಗಿ ನೋಡಿದವನೇ ಇರಬೇಕು. ಕೆಳಗೆ ನಿಂತರೆ ಇದು ಸರಿಯಾಗಿ ಕಾಣುವುದಿಲ್ಲ, ಹೋಗುವ ಮುಂಚೆ ಒಂದು ಒಳ್ಳೆಯ ಫೋಟೋದಲ್ಲಿ ನೋಡಿಕೊಳ್ಳಿ.

ಕಂಬವನ್ನು ಅದು ನಿಂತ ಜಾಗದಿಂದ ಯಾವತ್ತೂ ಕದಲಿಸಿಲ್ಲ ಅನ್ನುವುದು ಊರಿನವರ ನಂಬಿಕೆ. ಈ ನಂಬಿಕೆಗೆ ಕಟ್ಟಡವೇ ತಲೆಬಾಗಿದೆ. ಈಗಿನ ದೊಡ್ಡ ಬೆಸಿಲಿಕಾದ ಕೆಲಸ ಶುರುವಾದದ್ದು 1681ರಲ್ಲಿ. ಒಳಗಿನ ಪುಟ್ಟ ಗುಡಿಯನ್ನು, ಅಂದರೆ ‘ಸಾಂತಾ ಕಪೀಯಾ’ವನ್ನು, 1750ರಿಂದ 1765ರ ನಡುವೆ ವೆಂತೂರಾ ರೊದ್ರೀಗೆಸ್ ಎಂಬ ವಾಸ್ತುಶಿಲ್ಪಿ ಕಟ್ಟಿದ. ನೀವು ಎದುರಿಗೆ ನಿಂತಾಗ ಮೂರು ಗೂಡುಗಳು ಕಾಣುತ್ತವೆ. ನಟ್ಟನಡುವೆ ಮೇರಿ ಇಳಿದು ಬರುವ ದೃಶ್ಯವನ್ನು ಅಮೃತಶಿಲೆಯಲ್ಲಿ ಕಡೆದಿದ್ದಾರೆ. ಎಡಗಡೆ ಯಾಕೋಬ ಮತ್ತು ಅವನ ಶಿಷ್ಯರು. ಪಿಲಾರ್ ಮಾತೆ ಇರುವುದು ಬಲಗಡೆ! ಮೊದಲ ಸಲ ಹೋದವರು ನಡುವಿನ ದೃಶ್ಯವನ್ನೇ ನೋಡುತ್ತಾ ಮಾತೆ ಎಲ್ಲಿ ಅಂತ ಹುಡುಕುತ್ತಾರೆ. ಕಂಬವನ್ನು ನಡುವಿಗೆ ತರುವ ಹಾಗಿರಲಿಲ್ಲ. ಅದಕ್ಕೇ ಅವನು ಕಂಬವನ್ನು ಅದರ ಜಾಗದಲ್ಲೇ ಬಿಟ್ಟು ಗುಡಿಯ ನಕ್ಷೆಯನ್ನೇ ಅದಕ್ಕೆ ಹೊಂದಿಸಿದ. ಇಡೀ ಬೆಸಿಲಿಕಾದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇದು.

ಗುಡಿಯ ಹಿಂಬದಿಗೆ ಹೋಗಿ. ಅಲ್ಲಿ ಗೋಡೆಯಲ್ಲಿ ಒಂದು ಸಣ್ಣ ಕಿಂಡಿಯಿದೆ. ಅದರೊಳಗೆ ಕಂಬದ ಕಲ್ಲು ಬರಿದಾಗಿ ಕಾಣುತ್ತದೆ. ಜನ ಸಾಲಾಗಿ ಬಂದು, ಮಂಡಿಯೂರಿ, ಮುತ್ತಿಟ್ಟು ಹೋಗುತ್ತಾರೆ. ಶತಮಾನಗಳ ಮುತ್ತಿಗೆ ಕಲ್ಲು ಸವೆದು ಗುಳಿ ಬಿದ್ದಿದೆ. ಮುತ್ತಿಡಲು ಬಗ್ಗಿದಾಗ ಗುಳಿಯ ಅಂಚು ತುಟಿಗೆ ತಾಗುತ್ತದೆ. ಅಜ್ಜಿಯರು ಮೊಮ್ಮಕ್ಕಳನ್ನು ಎತ್ತಿ ಹಿಡಿದು ಮುತ್ತಿಡಿಸುತ್ತಾರೆ. ಅಲ್ಲಿ ನಿಮ್ಮ ಧರ್ಮ ಯಾವುದು ಅಂತ ಯಾರೂ ಕೇಳುವುದಿಲ್ಲ.

ಇನ್ನು ಬಟ್ಟೆಯ ವಿಷಯ. ವಿಗ್ರಹದ ಕೆಳಗೆ ಕಂಬವನ್ನು ಮುಚ್ಚುವ ಹಾಗೆ ಬೀಸಣಿಗೆಯಂತೆ ಹರಡಿದ ಹೊದಿಕೆಯೊಂದನ್ನು ಹಾಕುತ್ತಾರೆ. ಅದಕ್ಕೆ ‘ಮಾಂತೊ’ ಅನ್ನುತ್ತಾರೆ. ಇಂಥ ಹೊದಿಕೆಗಳು ನೂರಾರು ಇವೆ. ರಾಜಮನೆತನದವರು ಕೊಟ್ಟದ್ದಿದೆ, ಸಂಘಸಂಸ್ಥೆಗಳು ಕೊಟ್ಟದ್ದಿದೆ, ಹರಕೆ ಹೊತ್ತ ಸಾಮಾನ್ಯ ಮನೆಯವರು ಕೊಟ್ಟದ್ದೂ ಇದೆ. ಹೊದಿಕೆ ಬದಲಾಗುತ್ತಲೇ ಇರುತ್ತದೆ. ಆದರೆ ಪ್ರತಿ ತಿಂಗಳ 2, 12 ಮತ್ತು 20ನೇ ತಾರೀಕು ಹೊದಿಕೆ ಹಾಕುವುದಿಲ್ಲ. ಅವತ್ತು ಕಂಬ ಪೂರ್ತಿ ಕಾಣುತ್ತದೆ. ಈ ತಾರೀಕುಗಳನ್ನು ಸುಮ್ನೆ ಇಟ್ಟದ್ದಲ್ಲ. ಜನವರಿ 2 ಅವಳು ಬಂದ ದಿನ, ಅಕ್ಟೋಬರ್ 12 ಅವಳ ಹಬ್ಬ, ಮತ್ತು 1905ರ ಮೇ 20ರಂದು ಅವಳಿಗೆ ವಿಧಿಪೂರ್ವಕವಾಗಿ ಕಿರೀಟ ಇಟ್ಟರು. ನೀವು ಹೋಗುವುದು 12ಕ್ಕೆ, ಹಾಗಾಗಿ ಒಳಗೆ ಹೊದಿಕೆ ಇಲ್ಲದ ಕಂಬವನ್ನೇ ನೋಡುತ್ತೀರಿ. ಹೊದಿಕೆಯನ್ನೂ ನೋಡಬೇಕು ಅಂದರೆ 11ಕ್ಕೇ ಹೋಗಬೇಕು.

ಕಾಯಿಲೆ ಜಾಸ್ತಿಯಾಗಿ ಮಲಗಿದವರಿಗೆ ಈ ಹೊದಿಕೆಗಳಲ್ಲಿ ಒಂದನ್ನು ಕಳಿಸಿಕೊಡುವ ಪದ್ಧತಿಯೂ ಇದೆ. ಮನೆಯವರು ಕೇಳಿ ತರುತ್ತಾರೆ, ಹಾಸಿಗೆಯ ಮೇಲೆ ಹೊದಿಸುತ್ತಾರೆ, ಮತ್ತೆ ತಂದೊಪ್ಪಿಸುತ್ತಾರೆ. ಚರ್ಚಿಗೆ ಹೋಗುವುದನ್ನೇ ಬಿಟ್ಟ ಮನೆಗಳಲ್ಲೂ ಇಂಥ ಹೊತ್ತಿನಲ್ಲಿ ಪಿಲಾರ್ ನೆನಪಾಗುತ್ತಾಳೆ. ಇದಲ್ಲದೆ ವಿಗ್ರಹದ ಎತ್ತರದಷ್ಟೇ ಉದ್ದದ ರಿಬ್ಬನ್‌ಗಳು ಸಿಗುತ್ತವೆ. ಊರಿನವರು ಅದನ್ನು ಕಾರಿನ ಕನ್ನಡಿಗೆ ಕಟ್ಟುತ್ತಾರೆ, ತೊಟ್ಟಿಲಿಗೆ ಕಟ್ಟುತ್ತಾರೆ, ದೂರ ಹೊರಟವರ ಕೈಗೆ ಕಟ್ಟುತ್ತಾರೆ. ನಿಮ್ಮ ಗೆಳತಿಯ ಬ್ಯಾಗಿನಲ್ಲೂ ಒಂದು ಇರಬಹುದು.

ಅವಳು ಈ ಊರಿನ ಪಾಲಕಿಯಾದದ್ದು ಯಾವಾಗ? 1642ರಲ್ಲಿ. ಅದರ ಹಿಂದೆ ಒಂದು ಘಟನೆಯಿದೆ. ಕಲಾಂದಾ ಎಂಬ ಹಳ್ಳಿಯ ಮಿಗೆಲ್ ಪೆಯಿಸೆರ್ ಎಂಬ ಹುಡುಗನ ಕಾಲ ಮೇಲೆ ಗಾಡಿಯ ಚಕ್ರ ಹರಿಯಿತು. 1637ರಲ್ಲಿ ಜರಗೋಜಾದ ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಆಮೇಲೆ ಅವನು ಪಿಲಾರ್ ಗುಡಿಯ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ. ಗುಡಿಯ ದೀಪದ ಎಣ್ಣೆಯನ್ನು ಮೊಂಡುಗಾಲಿಗೆ ಹಚ್ಚಿಕೊಳ್ಳುತ್ತಿದ್ದ. ಊರಿಗೆ ಮರಳಿದ ಮೇಲೆ, 1640ರ ಮಾರ್ಚ್ 29ರ ರಾತ್ರಿ, ಮಲಗಿದ್ದ ಅವನಿಗೆ ಎರಡು ಕಾಲು ಇರುವುದನ್ನು ಅಪ್ಪ ಅಮ್ಮ ಕಂಡರು ಅಂತ ಹೇಳಿಕೆ. ಇದು ಜನರ ಬಾಯಲ್ಲಿ ಉಳಿದ ಕತೆಯಷ್ಟೇ ಆಗಿದ್ದರೆ ಇಷ್ಟು ದೊಡ್ಡದಾಗುತ್ತಿರಲಿಲ್ಲ. ಜರಗೋಜಾದಲ್ಲಿ ವಿಚಾರಣೆ ನಡೆಯಿತು, ಸಾಕ್ಷಿಗಳ ಹೇಳಿಕೆ ಬರೆದುಕೊಂಡರು. 1641ರ ಏಪ್ರಿಲ್‌ನಲ್ಲಿ ಆರ್ಚ್‌ಬಿಷಪ್ ಇದನ್ನು ಪವಾಡ ಅಂತ ಘೋಷಿಸಿದರು. ದೊರೆ ನಾಲ್ಕನೇ ಫಿಲಿಪ್ ಅವನನ್ನು ಮ್ಯಾಡ್ರಿಡ್‌ಗೆ ಕರೆಸಿಕೊಂಡು ನೋಡಿದ. ಮರುವರ್ಷವೇ ನಗರ ಪಿಲಾರ್ ಮಾತೆಯನ್ನು ತನ್ನ ಪಾಲಕಿ ಅಂತ ಸಾರಿತು. 1678ರಲ್ಲಿ ಇಡೀ ಅರಗಾನ್ ಸೀಮೆ ಹಾಗೇ ಮಾಡಿತು. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಅದು ಊರಿನ ಚರಿತ್ರೆಯನ್ನು ತಿರುಗಿಸಿದ್ದಂತೂ ನಿಜ.

ಅವಳು ಊರಿನ ಸ್ವಾಭಿಮಾನವೂ ಆದದ್ದು ನೆಪೋಲಿಯನ್ ಕಾಲದಲ್ಲಿ. 1808ರ ಬೇಸಗೆಯಲ್ಲಿ ಫ್ರೆಂಚ್ ಸೈನ್ಯ ಊರಿಗೆ ಮುತ್ತಿಗೆ ಹಾಕಿತು. ಅಗುಸ್ತೀನಾ ಎಂಬ ಹೆಂಗಸು, ಗೋಲಂದಾಜರೆಲ್ಲ ಬಿದ್ದ ಜಾಗದಲ್ಲಿ ನಿಂತು ಫಿರಂಗಿ ಹಾರಿಸಿದ್ದು ಆಗಲೇ. ಡಿಸೆಂಬರ್‌ನಲ್ಲಿ ಎರಡನೇ ಮುತ್ತಿಗೆ. ಮನೆ ಮನೆಯಲ್ಲೂ ಕಾದಾಟ. ಗುಂಡಿಗಿಂತ ಹೆಚ್ಚು ಜನ ಸತ್ತದ್ದು ಟೈಫಸ್ ಜ್ವರಕ್ಕೆ. 1809ರ ಫೆಬ್ರವರಿಯಲ್ಲಿ ಊರು ಶರಣಾಯಿತು. ಪಿಲಾರ್ ಮಾತೆ ತಾನು ಫ್ರೆಂಚರವಳಾಗಲು ಒಲ್ಲೆ ಅಂದಳು, ಅರಗಾನಿನ ಪಡೆಗೆ ನಾಯಕಿಯಾಗುತ್ತೇನೆ ಅಂದಳು ಅನ್ನುವ ಜನಪದ ಸಾಲು ಆ ಕಾಲದ್ದು. ಹಬ್ಬದ ದಿನ ನೀವು ಅದನ್ನು ಒಂದಲ್ಲ ಹತ್ತು ಸಲ ಕೇಳುತ್ತೀರಿ. ಹಾಡುವವರು ಕೊರಳು ಬಿಗಿದು, ಉಸಿರು ಹಿಡಿದು, ಕೊನೆಯ ಸ್ವರವನ್ನು ಎಳೆಯುತ್ತಾರೆ. ಸುತ್ತಲಿದ್ದವರ ಕಣ್ಣು ತುಂಬಿರುತ್ತದೆ. ಊರಿನ ಅಷ್ಟು ಸಾವುಗಳ ನೆನಪು ಆ ಹಾಡಿನಲ್ಲಿದೆ ಅನ್ನುವುದು ಗೊತ್ತಿದ್ದರೆ ಆ ಕಣ್ಣೀರು ಅರ್ಥವಾಗುತ್ತದೆ.

ಬೆಸಿಲಿಕಾದ ಕಂಬವೊಂದರ ಬದಿಯಲ್ಲಿ ಎರಡು ಬಾಂಬುಗಳನ್ನು ತೂಗುಹಾಕಿರುವುದು ಕಂಡರೆ ಗಾಬರಿಯಾಗಬೇಡಿ. 1936ರ ಆಗಸ್ಟ್ 3ರಂದು, ಅಂತರ್ಯುದ್ಧದ ಶುರುವಿನಲ್ಲಿ, ಗಣರಾಜ್ಯದ ಪಕ್ಷದ ವಿಮಾನವೊಂದು ಹಾಕಿದ ಬಾಂಬುಗಳವು. ಸಿಡಿಯಲಿಲ್ಲ. ಭಕ್ತರಿಗೆ ಅದು ಮಾತೆಯ ಕಾವಲು. ಬಹಳ ಕಡಿಮೆ ಎತ್ತರದಿಂದ ಬಿದ್ದದ್ದಕ್ಕೆ ಸಿಡಿಯಲಿಲ್ಲ ಅನ್ನುವ ವಿವರಣೆಯೂ ಇದೆ. ಕತ್ತೆತ್ತಿ ನೋಡುವಾಗ ಚಾವಣಿಯ ಚಿತ್ರಗಳನ್ನೂ ನೋಡಿ. ಅದರಲ್ಲಿ ಎರಡು ಹೆಸರಾಂತ ಚಿತ್ರಕಾರ ಗೋಯಾನವು. ಒಂದು 1772ರದ್ದು, ಇನ್ನೊಂದು 1781ರದ್ದು. ಅವನು ಹುಟ್ಟಿದ್ದು ಇದೇ ಸೀಮೆಯ ಫುವೆಂದೆತೋದೊಸ್ ಎಂಬ ಹಳ್ಳಿಯಲ್ಲಿ.

ಈಗ ಕೊಲಂಬಸ್ ವಿಷಯ. 1492ರ ಅಕ್ಟೋಬರ್ 12ರಂದು ಅವನ ಹಡಗುಗಳು ಕೆರಿಬಿಯನ್ ದ್ವೀಪವೊಂದನ್ನು ಮುಟ್ಟಿದವು. ಅದಕ್ಕೂ ಜರಗೋಜಾದ ಕಂಬಕ್ಕೂ ಮೂಲದಲ್ಲಿ ಸಂಬಂಧವಿಲ್ಲ. ತಾರೀಕು ಒಂದೇ ಆಗಿದೆ, ಅಷ್ಟೇ. ಪಿಲಾರ್ ಹಬ್ಬವನ್ನು ಊರು ಶತಮಾನಗಳಿಂದ ತನ್ನ ಪಾಡಿಗೆ ಮಾಡಿಕೊಂಡು ಬಂದಿತ್ತು. 1892ರಲ್ಲಿ ಕೊಲಂಬಸ್ ಯಾನಕ್ಕೆ 400 ವರ್ಷ ತುಂಬಿದಾಗ ಸರ್ಕಾರದ ಕಣ್ಣು ಈ ತಾರೀಕಿನ ಮೇಲೆ ಬಿತ್ತು. 1918ರ ಕಾನೂನು ಅದನ್ನು ರಾಷ್ಟ್ರೀಯ ರಜೆ ಮಾಡಿತು, ಆಗ ‘ಜನಾಂಗದ ಹಬ್ಬ’ ಅನ್ನುತ್ತಿದ್ದರು. ಸರ್ವಾಧಿಕಾರಿ ಫ್ರಾಂಕೊ ಆಳ್ವಿಕೆಯಲ್ಲಿ, 1958ರಲ್ಲಿ, ‘ಹಿಸ್ಪಾನಿದಾದ್ ಹಬ್ಬ’, ಅಂದರೆ ಸ್ಪ್ಯಾನಿಷ್ ನುಡಿಯ ನಾಡುಗಳೆಲ್ಲದರ ಹಬ್ಬ ಅಂತಾಯಿತು. ಪ್ರಜಾಪ್ರಭುತ್ವ ಬಂದ ಮೇಲೆ 1987ರ ಕಾನೂನು ಬರೀ ‘ರಾಷ್ಟ್ರೀಯ ಹಬ್ಬ’ ಅಂದಿತು. ಮ್ಯಾಡ್ರಿಡ್‌ನಲ್ಲಿ ಅವತ್ತು ಸೈನ್ಯದ ಪೆರೇಡ್ ನಡೆಯುತ್ತದೆ. ಗಡಿ, ಹೆದ್ದಾರಿ ಕಾಯುವ ಸಿವಿಲ್ ಗಾರ್ಡ್ ಪಡೆಗೂ 1913ರಿಂದ ಪಿಲಾರ್ ಮಾತೆಯೇ ಪಾಲಕಿ. ಬೆಸಿಲಿಕಾದೊಳಗೆ ಲ್ಯಾಟಿನ್ ಅಮೆರಿಕದ ದೇಶಗಳ ಬಾವುಟಗಳನ್ನೂ ನೋಡುತ್ತೀರಿ. ಹೀಗೆ ದೇಶದ ಅಧಿಕಾರ ತನ್ನ ಅರ್ಥಗಳನ್ನು ಈ ದಿನದ ಮೇಲೆ ಹೇರುತ್ತಾ ಬಂತು. ಅಮೆರಿಕದ ಮೂಲನಿವಾಸಿಗಳಿಗೆ ಆ ಯಾನ ತಂದದ್ದನ್ನು ನೆನೆಸಿಕೊಂಡು ಇದನ್ನು ಆಚರಿಸಲು ಒಪ್ಪದವರು ಸ್ಪೇನಿನಲ್ಲೂ ಇದ್ದಾರೆ. ಆ ಚರ್ಚೆ ನಡೆಯಲೇಬೇಕು. ಆದರೆ ಅದನ್ನು ಪಿಲಾರ್ ಮುಂದೆ ಸಾಲು ನಿಂತ ಅಜ್ಜಿಯ ತಲೆಗೆ ಕಟ್ಟುವುದು ಸರಿಯಲ್ಲ. ಅವಳು ಬಂದದ್ದು ತನ್ನೂರಿನ ತಾಯಿಗೆ ಹೂ ಕೊಡಲು. ನಿಮ್ಮ ಗೆಳತಿ ಹೇಳಿದ್ದೇ ಸರಿ, ಜರಗೋಜಾದಲ್ಲಿ ಅದು ಪಿಲಾರ್ ಹಬ್ಬ.

ಆ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ಬೆಳಗಿನ ಜಾವ 4.30ರ ಹೊತ್ತಿಗೆ ಬೆಸಿಲಿಕಾದಲ್ಲಿ ಮೊದಲ ಪೂಜೆ. ‘ಇನ್ಫಾಂತೆಸ್ ಪೂಜೆ’ ಅನ್ನುತ್ತಾರೆ. ಪುಟ್ಟ ಹುಡುಗರ ಗಾಯನ ತಂಡವೊಂದು ಈ ಗುಡಿಗೆ ಶತಮಾನಗಳಿಂದ ಇದೆ, ಅವರು ಹಾಡುತ್ತಾರೆ. ಆ ಹೊತ್ತಿಗೇ ಒಳಗೆ ಕಾಲಿಡಲು ಜಾಗವಿರುವುದಿಲ್ಲ. ರಾತ್ರಿಯಿಡೀ ಬೀದಿಯಲ್ಲಿ ಕುಣಿದ ಹುಡುಗರು ನೇರ ಇಲ್ಲಿಗೇ ಬಂದು ನಿಲ್ಲುವುದೂ ಉಂಟು. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಪೂಜೆ, ಮೆರವಣಿಗೆ. ಮೆರವಣಿಗೆಯಲ್ಲಿ ಬರುವುದು ಬೆಳ್ಳಿಯ ವಿಗ್ರಹ, 1620ರದ್ದು. ಮೂಲಮೂರ್ತಿ ಗರ್ಭಗುಡಿ ಬಿಟ್ಟು ಬರುವುದಿಲ್ಲ, ಹೊರಗೆ ಬರುವುದು ಉತ್ಸವಮೂರ್ತಿ ಅಂತ ಅಮ್ಮನಿಗೆ ಹೇಳಿದರೆ ತಕ್ಷಣ ಗೊತ್ತಾಗುತ್ತದೆ. ಫೋಟೋದಲ್ಲಿ ನೀವು ನೋಡಿದ ಹೂವಿನ ರಾಶಿಯ ತುದಿಯ ವಿಗ್ರಹವೂ ಪ್ರತಿರೂಪವೇ.

ಆ ಹೂವಿನ ಅರ್ಪಣೆ, ‘ಒಫ್ರೆಂದಾ’, ಹಳೆಯದಲ್ಲ. ಶುರುವಾದದ್ದು 1958ರಲ್ಲಿ, ವೆಲೆನ್ಸಿಯಾದವರ ಹೂವಿನ ಅರ್ಪಣೆಯನ್ನು ನೋಡಿ. ಮೊದಲ ವರ್ಷ ಬಂದವರು ಕೆಲವು ಸಾವಿರ ಜನ. ಈಗ ಲಕ್ಷಗಟ್ಟಲೆ ಜನ ಬರುತ್ತಾರೆ. ಮುಂಜಾನೆ ಶುರುವಾದ ಸಾಲು ಸಂಜೆಯವರೆಗೂ ಮುಗಿಯುವುದಿಲ್ಲ. ಬೆಸಿಲಿಕಾದ ಮುಂದಿನ ಬಯಲಿನಲ್ಲಿ ಗೋಪುರದಂತೆ ಮೇಲಕ್ಕೆ ಕಿರಿದಾಗುವ ಎತ್ತರದ ಚೌಕಟ್ಟನ್ನು ನಿಲ್ಲಿಸುತ್ತಾರೆ. ತುದಿಯಲ್ಲಿ ಕಂಬ, ಕಂಬದ ಮೇಲೆ ಮಾತೆ. ಜನ ತಂದ ಹೂಗುಚ್ಛಗಳನ್ನು ಸ್ವಯಂಸೇವಕರು ಕೈಯಿಂದ ಕೈಗೆ ದಾಟಿಸಿ ಚೌಕಟ್ಟಿಗೆ ಸಿಕ್ಕಿಸುತ್ತಾ ಹೋಗುತ್ತಾರೆ. ಬೆಳಿಗ್ಗೆ ಕಬ್ಬಿಣದ ಸರಳುಗಳು ಕಾಣುತ್ತಿರುತ್ತವೆ. ಮಧ್ಯಾಹ್ನಕ್ಕೆ ಅರ್ಧ ಮುಚ್ಚಿರುತ್ತದೆ. ಸಂಜೆಗೆ ಬಿಳಿ, ಕೆಂಪು ಕಾರ್ನೇಷನ್, ಗ್ಲಾಡಿಯೋಲಸ್ ಹೂವುಗಳ ಒಂದೇ ಹೊದಿಕೆ ಮಾತೆಯ ಕಾಲಿಂದ ನೆಲದವರೆಗೆ ಇಳಿದಿರುತ್ತದೆ.

ಹೊದಿಕೆ ಅಂದೆ ಅಲ್ವಾ? ನಾನು ಮೊದಲೇ ಹೇಳಿದ ಮಾಂತೊ ಇದೇ. ಅವತ್ತು ಒಳಗೆ ಮೂಲ ಕಂಬಕ್ಕೆ ಹೊದಿಕೆ ಇಲ್ಲ. ಹೊರಗೆ ಇಡೀ ಊರು ಸೇರಿ ಅವಳಿಗೊಂದು ಹೊದಿಕೆ ಮಾಡುತ್ತಿದೆ. ಒಳಗಿನ ಒಂದೊಂದು ಮಾಂತೊಗೂ ಒಬ್ಬ ದಾನಿಯ ಹೆಸರಿರುತ್ತದೆ. ಹೊರಗಿನದಕ್ಕೆ ಯಾರ ಹೆಸರೂ ಇಲ್ಲ. ಕೈಯಲ್ಲಿ ಮೂರು ಹೂ ಹಿಡಿದು ಬಂದವನೂ ಅದರ ಒಂದು ಎಳೆಯೇ. ಇದನ್ನು ಪ್ರವಾಸಿಗರ ಆಕರ್ಷಣೆಗೆ ಹುಟ್ಟಿದ ಹೊಸ ಆಚರಣೆ ಅಂತ ತಳ್ಳಿಹಾಕುವ ವಿದ್ವಾಂಸರಿದ್ದಾರೆ. ನಾನು ಒಪ್ಪುವುದಿಲ್ಲ. ಆಚರಣೆ ಹೊಸದು, ಆದರೆ ಅದು ಹುಟ್ಟಿದ್ದು ಹಳೆಯ ಪದ್ಧತಿಯ ಒಳಗಿನಿಂದ. ಅದಕ್ಕೇ ಇಷ್ಟು ಬೇಗ ಬೇರು ಬಿಟ್ಟಿತು.

ಉಡುಪಿನ ಕಡೆ ಗಮನ ಕೊಡಿ. ಹೆಂಗಸರದು ನೆರಿಗೆಯ ಲಂಗ, ಕಸೂತಿಯ ಶಾಲು, ಹಿಂದೆ ಬಿಗಿದು ಕಟ್ಟಿದ ತುರುಬು. ಗಂಡಸರದು ಮೊಣಕಾಲಿನವರೆಗಿನ ಚಲ್ಲಣ, ಸೊಂಟಕ್ಕೆ ಅಗಲ ಪಟ್ಟಿ, ತಲೆಗೆ ಚೌಕಳಿ ವಸ್ತ್ರ. ಆ ವಸ್ತ್ರದ ಹೆಸರು ‘ಕಚಿರೂಲೊ’. ಉಡುಪು ಹಾಕದವರೂ ಅದನ್ನು ಕೊರಳಿಗೆ ಕಟ್ಟಿಕೊಂಡಿರುತ್ತಾರೆ. ಅಜ್ಜಿಯ ಲಂಗವನ್ನು ಮೊಮ್ಮಗಳು ಉಡುವುದು ಇಲ್ಲಿ ದೊಡ್ಡ ಸಂಭ್ರಮ. ತಿಂಗಳುಗಟ್ಟಲೆ ಮೊದಲೇ ಟ್ರಂಕು ತೆಗೆದು, ಹೊಲಿಗೆ ಬಿಚ್ಚಿ, ಅಳತೆಗೆ ಸರಿಮಾಡುತ್ತಾರೆ.

13ನೇ ತಾರೀಕು ಬೆಳಿಗ್ಗೆ ಹಣ್ಣುಹಂಪಲಿನ ಅರ್ಪಣೆ. ಸ್ಪೇನಿನ ಬೇರೆ ಬೇರೆ ಸೀಮೆಗಳಿಂದ ಬಂದು ಜರಗೋಜಾದಲ್ಲಿ ನೆಲೆಸಿದವರ ಸಂಘಗಳು ತಮ್ಮ ತಮ್ಮ ಊರಿನ ಬೆಳೆ ತರುತ್ತಾರೆ. ಅದು ಬಡವರಿಗೆ ಊಟ ಹಾಕುವ ಸಂಸ್ಥೆಗಳಿಗೆ ಹೋಗುತ್ತದೆ. ಸಂಜೆಯದನ್ನು ಮಾತ್ರ ಬಿಡಲೇಬೇಡಿ. ಅದು ‘ಗಾಜಿನ ಜಪಸರ’ದ ಮೆರವಣಿಗೆ, 1889ರಿಂದ ನಡೆದು ಬಂದದ್ದು. ಜಪಸರದ ಒಂದೊಂದು ‘ರಹಸ್ಯ’ಕ್ಕೂ, ಅಂದರೆ ಏಸು ಮತ್ತು ಮೇರಿಯ ಬದುಕಿನ ಒಂದೊಂದು ಘಟ್ಟಕ್ಕೂ, ಬಣ್ಣದ ಗಾಜಿನ ಒಂದೊಂದು ತೇರು, ಒಳಗಿಂದ ದೀಪ. ತೇರುಗಳ ನಡುವೆ ಜನ ಉದ್ದ ಕೋಲಿನ ತುದಿಗೆ ಗಾಜಿನ ಲಾಂದ್ರ ಹಿಡಿದು, ಪ್ರಾರ್ಥನೆ ಹೇಳುತ್ತಾ ನಿಧಾನವಾಗಿ ನಡೆಯುತ್ತಾರೆ. ಇಂಥ ಲಾಂದ್ರಗಳು ನೂರಾರು. ಇವುಗಳ ದೊಡ್ಡ ಪಾಲಿನ ವಿನ್ಯಾಸ ರಿಕಾರ್ದೊ ಮಗ್ದಲೇನಾ ಎಂಬ ವಾಸ್ತುಶಿಲ್ಪಿಯದು. ಹಿಂದಿನ ದಿನದ ಗದ್ದಲ ನೋಡಿ ಸುಸ್ತಾದವರಿಗೆ ಇದು ತಂಪು. ಅಮ್ಮನಿಗೆ ಇದೇ ಹೆಚ್ಚು ಹಿಡಿಸಬಹುದು.

ಉಳಿದ ಗೌಜಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಹಬ್ಬ ಒಂದು ವಾರಕ್ಕೂ ಮಿಕ್ಕಿ ನಡೆಯುತ್ತದೆ. ಸಂಗೀತ, ಪಟಾಕಿ, ಬೀದಿ ನಾಟಕ, ಗೂಳಿ ಕಾಳಗ ಎಲ್ಲ ಇರುತ್ತದೆ. ಹೋತಾ ಹಾಡು ಕುಣಿತದ ಸ್ಪರ್ಧೆ 1886ರಷ್ಟು ಹಳೆಯದು. ದೊಡ್ಡ ತಲೆಯ ಮುಖವಾಡ ಹಾಕಿದ ‘ಕಬೆಸೂದೊ’ಗಳು ಚಾವಟಿ ಹಿಡಿದು ಮಕ್ಕಳನ್ನು ಅಟ್ಟಿಸಿಕೊಂಡು ಓಡುತ್ತಾರೆ. ಮಕ್ಕಳು ಕೆಣಕುವ ಹಾಡು ಹೇಳಿ ಓಡುತ್ತಾರೆ. ಏಟು ಹೆದರಿಸಲು ಅಷ್ಟೇ. ‘ಅದೋಕಿನ್’ ಅಂತ ದಪ್ಪ ಗಟ್ಟಿ ಮಿಠಾಯಿ ಸಿಗುತ್ತದೆ. ಕಾಗದದ ಹೊರಗೆ ಪಿಲಾರ್ ಚಿತ್ರ, ಒಳಗೆ ಹೋತಾದ ಒಂದು ಪದ್ಯ. ಊರಿಗೆ ಒಯ್ಯಲು ಚೆನ್ನ.

ಕೊನೆಗೆ ನೀವು ಕೇಳಿದ ಮುಖ್ಯ ವಿಷಯ. ಒಫ್ರೆಂದಾ ಸಾಲಿಗೆ ಸೇರುವವರು ಸಾಂಪ್ರದಾಯಿಕ ಉಡುಪಿನಲ್ಲಿ ಬರಬೇಕು ಅನ್ನುವುದು ಅಲ್ಲಿನ ರೂಢಿ. ಆದರೆ ಅದು ಅರಗಾನಿನ ಉಡುಪೇ ಆಗಬೇಕಿಲ್ಲ, ಯಾವ ನಾಡಿನದಾದರೂ ಸರಿ. ಲ್ಯಾಟಿನ್ ಅಮೆರಿಕದ ಹಲವು ದೇಶಗಳವರು ತಮ್ಮ ತಮ್ಮ ಉಡುಪಿನಲ್ಲೇ ಬರುತ್ತಾರೆ. ಹಾಗಾಗಿ ಅಮ್ಮ ಇಳಕಲ್ ಸೀರೆಯನ್ನೋ ಮೈಸೂರು ರೇಷ್ಮೆಯನ್ನೋ ಉಟ್ಟು ಬಂದರೆ ಅದೇ ಸರಿಯಾದ ಉಡುಪು. ನೀವೂ ಸೀರೆ ಉಟ್ಟುಕೊಳ್ಳಿ. ಮೇಲೆ ಶಾಲು ಇರಲಿ, ಎಬ್ರೊ ಕಣಿವೆಯಲ್ಲಿ ‘ಸಿಯೆರ್ಸೊ’ ಅನ್ನುವ ಗಾಳಿ ಬೀಸಿದರೆ ಅಕ್ಟೋಬರ್‌ನಲ್ಲೂ ಚಳಿ ಚುಚ್ಚುತ್ತದೆ. ಚಪ್ಪಲಿ ಆರಾಮದ್ದು ಹಾಕಿ, ಗಂಟೆಗಟ್ಟಲೆ ನಿಲ್ಲಬೇಕು. ಗುಂಪುಗಳಿಗೆ ಹೊತ್ತು ಗೊತ್ತುಮಾಡಿರುತ್ತಾರೆ. ಒಬ್ಬೊಬ್ಬರೇ ಬರುವವರ ನಿಯಮ, ಒಳಗೆ ಬರುವ ದಾರಿಗಳನ್ನು ನಗರಸಭೆ ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಪ್ರಕಟಿಸುತ್ತದೆ. ನಿಮ್ಮ ಗೆಳತಿಯ ಮನೆಯವರು ಯಾವುದಾದರೂ ಗುಂಪಿನ ಜೊತೆ ಹೋಗುವವರಾದರೆ ಅವರೊಂದಿಗೇ ಹೋಗುವುದು ಸುಲಭ. ಹೂಗುಚ್ಛವನ್ನು ಹಿಂದಿನ ದಿನವೇ ಹೇಳಿಡಿ.

ಒಳಗೆ ಪೂಜೆಯ ಹೊತ್ತಿನಲ್ಲಿ ನೀವು ಕೂತು ನೋಡಬಹುದು, ಎದ್ದು ನಿಲ್ಲುವಾಗ ಎಲ್ಲರೊಂದಿಗೆ ನಿಲ್ಲಿ. ಪಾದ್ರಿಗಳು ಪರಮಪ್ರಸಾದ ಕೊಡುವಾಗ ಮಾತ್ರ ಸಾಲಿಗೆ ಹೋಗಬೇಡಿ. ಅದು ದೀಕ್ಷೆ ಪಡೆದ ಕ್ಯಾಥೊಲಿಕರಿಗೆ ಮೀಸಲು. ನಮ್ಮ ಕಡೆಯ ಪ್ರಸಾದದಂತೆ ಎಲ್ಲರಿಗೂ ಕೊಡುವಂಥದ್ದಲ್ಲ, ಗೊತ್ತಿಲ್ಲದೆ ಹೋದರೆ ಇಬ್ಬರಿಗೂ ಮುಜುಗರ. ಫೋಟೋ ತೆಗೆಯುವ ಮುಂಚೆ ಅಲ್ಲಿನ ಫಲಕ ನೋಡಿ. ಕಂಬಕ್ಕೆ ಮುತ್ತಿಡುವುದನ್ನು 12ಕ್ಕೆ ಇಟ್ಟುಕೊಳ್ಳಬೇಡಿ, ಅವತ್ತು ಸಾಲು ಬಹಳ ಉದ್ದ. ಮ್ಯಾಡ್ರಿಡ್‌ನಿಂದ ವೇಗದ ರೈಲಿನಲ್ಲಿ ಒಂದೂಕಾಲು, ಒಂದೂವರೆ ಗಂಟೆಯ ದಾರಿ. 11ರ ಬೆಳಿಗ್ಗೆ ಹೊರಟು ಅವತ್ತೇ ಬೆಸಿಲಿಕಾ ನೋಡಿ, 12ಕ್ಕೆ ಒಫ್ರೆಂದಾ, 13ರ ಸಂಜೆ ಗಾಜಿನ ಜಪಸರ ನೋಡಿಕೊಂಡು 14ಕ್ಕೆ ವಾಪಸ್ ಬನ್ನಿ. ಆ ವಾರ ಕೋಣೆ ಸಿಗುವುದು ಕಷ್ಟ, ಬೇಸಗೆಯಲ್ಲೇ ಕಾದಿರಿಸಿಬಿಡಿ.